ಬಿಸಿಲಲ್ಲಿ ಬಿಟ್ಟ ನೀರು

ಹೋದ ವಾರ ಕನಕಪುರದ ನಮ್ಮ ಮನೆಯಲ್ಲಿ ಸಂಪು ತೊಳೆಸಿದೆವು. ಮುಚ್ಚಳ ತೆಗೆದು ತಳದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಅಂಗಳಕ್ಕೆ ಚೆಲ್ಲಿದಾಗ ಒಂದು ವಾಸನೆ ಎದ್ದಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಮಾತ್ರ ಅಲ್ಲೇ ನಿಂತೆ. ಬಹಳ ದಿನ ಬೆಳಕು ಕಾಣದೆ ಕೂತ ನೀರಿನ ವಾಸನೆ ಅದು. ತಣ್ಣಗಿನ ಕೆಸರು, ಕೊಳೆತ ಎಲೆ, ಎಲ್ಲೋ ಸ್ವಲ್ಪ ಮೀನು. ಅಣೆಕಟ್ಟಿನ ತಳದ ತೂಬು ಎತ್ತಿದಾಗ ನೀರಿಗಿಂತ ಮೊದಲು ಮೂಗಿಗೆ ಬಡಿಯುವುದು ಇದೇ ವಾಸನೆ. "ನಿನಗೇನು ತಲೆ ಕೆಟ್ಟಿದೆಯಾ, ಒಳಗೆ ಬಾರೇ" ಎಂದು ಯಜಮಾನರು ಕೂಗಿದರು. ತಲೆ ಕೆಟ್ಟಿರಲಿಲ್ಲ. ಒಂದು ಮಳೆಗಾಲ ನೆನಪಾಗಿತ್ತು, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನು ಅರ್ಕಾವತಿಗೆ ಸೇರುವ ಒಂದು ಹೊಳೆಯ ಅಣೆಕಟ್ಟಿನಲ್ಲಿ ಇಂಜಿನಿಯರ್ ಆಗಿದ್ದೆ. ಪಠ್ಯಪುಸ್ತಕದಲ್ಲಿ ಚಿತ್ರ ಹಾಕುವಂಥ ದೊಡ್ಡ ಅಣೆಕಟ್ಟೇನಲ್ಲ. ಎರಡು ಗುಡ್ಡದ ನಡುವೆ ಕಟ್ಟಿದ ಗೋಡೆ, ಮೇಲೆ ನಾಲ್ಕು ಗೇಟು, ತಳದಲ್ಲಿ ತೂಬು, ಪಕ್ಕದಲ್ಲಿ ಸೋರುವ ಒಂದು ಕಚೇರಿ. ಅಲ್ಲಿಗೆ ವರ್ಗವಾದಾಗ ಕುಣಿದಾಡಿದ್ದೆ, ಏಕೆಂದರೆ ನನ್ನ ತವರು ಹೊಳೆದೊಡ್ಡಿ ಅದೇ ಹೊಳೆಯ ದಂಡೆಯಲ್ಲಿ, ಅಣೆಕಟ್ಟಿನಿಂದ ಕೆಳಗೆ ಸ್ಕೂಟರಿನಲ್ಲಿ ಅರ್ಧ ಗಂಟೆಯ ದಾರಿ. ವಾರಕ್ಕೊಮ್ಮೆ ಅಣ್ಣನ ಮನೆಯ ಊಟ ಗ್ಯಾರಂಟಿ ಎಂದುಕೊಂಡಿದ್ದೆ. ತವರಿನ ನೆತ್ತಿಯ ಮೇಲೆ ಕೂತು ನೌಕರಿ ಮಾಡುವ ಕಷ್ಟ ಏನೆಂದು ಆಗ ಯಾರೂ ಹೇಳಿರಲಿಲ್ಲ.

ಅಣ್ಣ ಎಂದರೆ ಬೋರೇಗೌಡ. ನನಗಿಂತ ಹತ್ತು ವರ್ಷ ದೊಡ್ಡವನು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾನೆ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಾನೆ. ಹುಳುವಿನ ವಿಷಯ ಬಿಟ್ಟು ಬೇರೆ ಮಾತೆತ್ತಿದರೆ ಅವನಿಗೆ ಆಕಳಿಕೆ ಬರುತ್ತದೆ. ನಮ್ಮ ಹಳೇ ಮನೆ ಊರ ನಡುವಿನ ದಿಬ್ಬದ ಮೇಲಿತ್ತು. ಅಣ್ಣ ಮಾತ್ರ ಹೊಳೆಯ ಪಕ್ಕದಲ್ಲೇ ಹೊಸ ಮನೆ ಕಟ್ಟಿ, ಅದಕ್ಕೆ ಅಂಟಿಸಿ ಹುಳುಮನೆಯನ್ನೂ ಕಟ್ಟಿದ್ದ. ಅವನೊಬ್ಬನೇ ಅಲ್ಲ, ಊರಲ್ಲಿ ಅರ್ಧ ಜನ ಹಾಗೇ ಕೆಳಗಿಳಿದಿದ್ದರು. ಅಣೆಕಟ್ಟು ಆಗುವ ಮುಂಚೆ ಆ ಜಾಗ ಹೊಳೆಯದೇ ಆಗಿತ್ತು. ಪ್ರತಿ ಮಳೆಗಾಲ ಹೊಳೆ ಒಂದು ಸಲ ಬಂದು ಮಲಗಿ ಹೋಗುತ್ತಿತ್ತು. ಅಣೆಕಟ್ಟು ಸಣ್ಣಪುಟ್ಟ ನೆರೆಯನ್ನೆಲ್ಲ ಮೇಲೆಯೇ ತಡೆದು ನುಂಗಿತು. ಕೆಳಗೆ ಹೊಳೆ ಚರಂಡಿಯಷ್ಟಾಯಿತು. ಜನ ನೋಡುವಷ್ಟು ದಿನ ನೋಡಿ, ಮೊದಲು ಸೌತೆ ಹಾಕಿದರು, ಆಮೇಲೆ ಹಿಪ್ಪುನೇರಳೆ, ಆಮೇಲೆ ಪಂಪ್‌ಸೆಟ್ಟು, ಕೊನೆಗೆ ಮನೆ. ಯಾರನ್ನು ಬೈಯುವುದು? ಬಾರದ ಹೊಳೆಗಾಗಿ ಯಾರು ತಾನೇ ಒಳ್ಳೆಯ ಮಣ್ಣನ್ನು ಖಾಲಿ ಬಿಡುತ್ತಾರೆ.

ಆ ವರ್ಷ ಮಳೆ ಕೈಬಿಚ್ಚಿ ಸುರಿಯಿತು. ಗೌರಿ ಹಬ್ಬ ಮುಗಿಯುವಷ್ಟರಲ್ಲಿ ಅಣೆಕಟ್ಟು ತುಂಬಲು ಒಂದು ಗೇಣು ಬಾಕಿ. ಎಷ್ಟೋ ವರ್ಷದ ಮೇಲೆ ತುಂಬುತ್ತಿದೆ ಎಂದು ಸುತ್ತಲ ಹಳ್ಳಿಗಳಲ್ಲಿ ಸಂಭ್ರಮ. ತುಂಬಿದ ನೀರಿಗೆ ಬಾಗಿನ ಅರ್ಪಿಸುವುದು ನಮ್ಮಲ್ಲಿ ಪದ್ಧತಿ: ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಅಕ್ಕಿ, ತೆಂಗಿನಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ ನೀರಿಗೆ ಬಿಡುತ್ತಾರೆ. ಶುಕ್ರವಾರಕ್ಕೆ ದಿನ ಗೊತ್ತು ಮಾಡಿ, ಶಾಸಕರನ್ನು ಕರೆದು, ಶಾಮಿಯಾನದವನಿಗೂ ಹೇಳಿಯಾಗಿತ್ತು. ಎಲ್ಲರೂ ದಿನಾ ಬಂದು ಗೋಡೆಯ ಮೇಲೆ ಬರೆದ ಅಳತೆಯನ್ನು ನೋಡಿ ಹೋಗುತ್ತಿದ್ದರು. ನಾನೂ ನೋಡುತ್ತಿದ್ದೆ. ಅವರಿಗೆ ಹಿಗ್ಗು, ನನಗೆ ಸಂಕಟ.

ಸಂಕಟಕ್ಕೆ ಕಾರಣ ಮಾಗಡಿಯ ಬಸ್ಸು. ಮಾಗಡಿಗೆ ರೈಲಿಲ್ಲ, ಜನರಂತೆ ಸುದ್ದಿಯೂ ಬಸ್ಸಿನಲ್ಲೇ ಓಡಾಡುತ್ತದೆ. ಅಣೆಕಟ್ಟಿನ ಕ್ರಾಸಿನಲ್ಲಿ ಟೀ ಕುಡಿಯಲು ನಿಲ್ಲಿಸುವ ಡ್ರೈವರ್ ದಿನಕ್ಕೊಂದು ಕೆರೆಯ ಹೆಸರು ಹೇಳುತ್ತಿದ್ದ. "ಮೇಡಂ, ಅದೂ ಕೋಡಿ ಬಿತ್ತು. ಇವತ್ತು ರೋಡ್ ಮೇಲೇ ನೀರು." ನಮ್ಮ ಹೊಳೆಗೆ ನೀರು ಬರುವ ಆ ಮೇಲಿನ ಕೆರೆಗಳೆಲ್ಲ ಹಾಗೆ ತುಂಬಿ ಕೋಡಿ ಹರಿಯುತ್ತಿದ್ದರೆ, ಇನ್ನು ಬೀಳುವ ಮಳೆಯನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಬಿದ್ದಿದ್ದೆಲ್ಲ ನೇರ ನನ್ನ ಬಾಗಿಲಿಗೆ. ಆ ಹೊತ್ತಿಗೆ ಅಣೆಕಟ್ಟೂ ತುಂಬಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಬಂದಷ್ಟನ್ನೂ ಕೆಳಗೆ ಬಿಡದೆ ಬೇರೆ ದಾರಿಯಿಲ್ಲ. ಕೆಳಗೆ ಮೊದಲು ಸಿಗುವುದು ಹೊಳೆದೊಡ್ಡಿ. ಹೊಳೆದೊಡ್ಡಿಯಲ್ಲಿ ಮೊದಲು ಸಿಗುವುದು ಅಣ್ಣನ ಹುಳುಮನೆ.

ರಾಮನಗರದಲ್ಲಿದ್ದ ಸಾಹೇಬರಿಗೆ ಫೋನ್ ಮಾಡಿ, ಈಗಲೇ ನೀರು ಬಿಟ್ಟು ಜಾಗ ಮಾಡಿಕೊಳ್ಳೋಣ ಎಂದೆ. ಅವರು ಹೇಳಿದರು: "ನೋಡಮ್ಮ, ಬಿಟ್ಟು ಮಳೆ ಬರದಿದ್ದರೆ ಯಾಕೆ ಬಿಟ್ಟೆ ಅಂತಾರೆ. ಬಿಡದೆ ಮಳೆ ಬಂದರೆ ಯಾಕೆ ಬಿಡಲಿಲ್ಲ ಅಂತಾರೆ. ಬೈಸಿಕೊಳ್ಳೋದೇ ಆದರೆ ಮೊದಲನೆಯದೇ ವಾಸಿ. ನಿಧಾನವಾಗಿ ಬಿಡು. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳು." ಆ ಮನುಷ್ಯನಿಗೆ ಅವತ್ತೇ ಮನಸ್ಸಿನಲ್ಲಿ ಕೈಮುಗಿದೆ.

ಸುದ್ದಿ ನನಗಿಂತ ಮುಂಚೆ ಹೊಳೆದೊಡ್ಡಿ ತಲುಪಿತು. ಮಾರನೆಯ ಬೆಳಗ್ಗೆ ಎರಡು ಟ್ರ್ಯಾಕ್ಟರ್ ತುಂಬ ಗಂಡಸರು ಬಂದು ಗೇಟಿನ ಮೇಲಿನ ಕಟ್ಟೆಯಲ್ಲಿ ಸಾಲಾಗಿ ಕೂತರು. ಮುಂದಾಳು ಯಾರು ಎಂದರೆ ನನ್ನ ಒಡಹುಟ್ಟಿದವನೇ. ಆಕಾಶ ಬೇರೆ ತೊಳೆದಿಟ್ಟ ಹಾಗೆ ಶುಭ್ರವಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು.

"ಏನ್ ಭಾಗ್ಯ, ತುಂಬಾಕೆ ಒಂದು ಗೇಣು ಐತೆ, ಈಗ ಬುಟ್ಟೀಯಾ?" ಅಣ್ಣನ ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. "ನಮ್ಮೂರ ಹುಡುಗಿ ಅವಳೆ, ನೀರು ಉಳಿಸ್ತಾಳೆ ಅಂತ ಎಲ್ರಿಗೂ ಹೇಳ್ಕಂಡು ತಿರುಗ್ದೆ ಕಣವ್ವ ನಾನು."

"ಅಣ್ಣ, ತುಂಬಿದ ಕೊಡಕ್ಕೆ ನೀರು ಸುರಿದರೆ ಸುರಿದಷ್ಟೂ ಹೊರಗೆ ಚೆಲ್ಲುತ್ತೆ. ಒಸಿ ಜಾಗ ಇರಲಿ ಅಂತಿದ್ದೀನಿ."

"ಕೊಡ ಬರಿದು ಮಾಡ್ಕಂಡು ಮಳೆ ಬತ್ತದೆ ಅಂತ ಆಕಾಶ ನೋಡ್ಕಂಡು ಕುಂತ್ಕಳಾಕಾಯ್ತದಾ? ಬ್ಯಾಸಿಗೇಲಿ ಸೊಪ್ಪು ಒಣಗಿದ್ರೆ ಹುಳಕ್ಕೆ ನಿನ್ನ ಇಂಜಿನಿಯರಿಂಗ್ ತಿನ್ನುಸ್ಲಾ?"

ಎಲ್ಲರೂ ನಕ್ಕರು. ನನಗೂ ನಗು ಬಂತು, ತಡೆದುಕೊಂಡೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೀರಿಗಾಗಿ ಬಾಯಿ ಬಿಟ್ಟುಕೊಂಡು ಕಾಯುವ ಸೀಮೆ ನಮ್ಮದು. ಇದ್ದ ನೀರನ್ನು ಬಿಡು ಎಂದರೆ ಯಾರ ಕರುಳಾದರೂ ಚುರಕ್ ಎನ್ನುತ್ತದೆ. ಆದರೆ ನನಗೂ ರೇಗಿತ್ತು. "ಮೇಲಿನ ಗೇಟಿನ ಹತ್ರ ಎಷ್ಟು ಹೊತ್ತು ಬೇಕಾದ್ರೂ ಕೂತ್ಕೊಳ್ಳಿ. ನಾನು ಬಿಡೋದು ಕೆಳಗಿನ ತೂಬಿಂದ" ಎಂದು ಹೇಳಿ ಇಳಿದು ಹೋದೆ. ತೂಬಿನ ಚಕ್ರ ತಿರುಗಿಸುವ ಮರಿಯಪ್ಪ ಕಾಯುತ್ತಿದ್ದ. ಚಕ್ರ ಕಿರುಗುಟ್ಟಿತು, ಆ ವಾಸನೆ ಎದ್ದಿತು, ಹಿಂದೆಯೇ ಕಪ್ಪು ನೀರು ಬುಸುಗುಟ್ಟಿಕೊಂಡು ಹೊರಬಿತ್ತು. ಮೇಲಿಂದ ಅಣ್ಣ ಕೂಗಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ನೀರು ಬಿಡುವ ಮುಂಚೆ ಒಂದು ಆಟೋಗೆ ಮೈಕು ಕಟ್ಟಿಸಿ ಕೆಳಗಿನ ಊರುಗಳಿಗೆಲ್ಲ ಕಳಿಸಿದ್ದೆ. "ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡಲಾಗುತ್ತಿದೆ. ಯಾರೂ ಹೊಳೆಯ ಹತ್ತಿರ ಹೋಗಬಾರದು." ಒಂದು ತಾಸಿನ ಮೇಲೆ ಆಟೋದವನೇ ಫೋನ್ ಮಾಡಿದ. "ಮೇಡಂ, ನಾನು ಹೋಗಬೇಡಿ ಅಂದಂಗೆಲ್ಲ ಜನ ಹೊಳೆ ಕಡೀಕೇ ಹೊಂಟವ್ರೆ." ನಾನು ಸ್ಕೂಟರ್ ಹತ್ತಿ ಹೊಳೆದೊಡ್ಡಿಗೆ ಓಡಿದೆ.

ಹೊಳೆಯ ಮೆಟ್ಟಿಲ ಮೇಲೆ ಊರಿನ ಹೆಂಗಸರೆಲ್ಲ ನೆರೆದಿದ್ದರು. ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯ ಸೀರೆ ಉಟ್ಟು, ಮಕ್ಕಳಿಗೆ ಹಬ್ಬದ ಬಟ್ಟೆ ಹಾಕಿದ್ದರು. ಎಲ್ಲರ ಕೈಯಲ್ಲೂ ಮೊರ. ಶುಕ್ರವಾರಕ್ಕೆಂದು ಕೊಂಡಿಟ್ಟ ಬಾಗಿನದ ಸಾಮಾನೆಲ್ಲ ಅಲ್ಲಿಗೇ ಬಂದಿತ್ತು. ಮುಂದಾಳು ನನ್ನ ಅತ್ತಿಗೆ ಜಯಮ್ಮ. ಗಂಡ ಮೇಲೆ ಗೇಟಿನ ಹತ್ತಿರ ಧಿಕ್ಕಾರ ಕೂಗುತ್ತಿದ್ದರೆ, ಹೆಂಡತಿ ಇಲ್ಲಿ ಕರ್ಪೂರ ಹುಡುಕುತ್ತಿದ್ದಳು.

"ಅತ್ತಿಗೆ, ಮೈಕಲ್ಲಿ ಹೇಳಿದ್ದು ಕೇಳಲಿಲ್ವಾ?"

"ಕೇಳ್ತು ಕಣಮ್ಮಿ. ನೀರು ಬುಡ್ತಾರೆ ಅಂತಿದ್ದಂಗೇ ತಲೆಗೆ ನೀರಾಕ್ಕಂಡು ಬಂದೋ. ಹೊಳೆ ಬರಾಗ ಬಾಗಿನ ಕೊಡ್ದೆ ಮನೇಲಿ ಕುಂತ್ಕಳಾಕಾಯ್ತದಾ?"

"ಇದು ತುಂಬಿ ಹರಿಯೋ ನೀರಲ್ಲ ಅತ್ತಿಗೆ. ನಾನು ಖಾಲಿ ಮಾಡ್ತಿರೋ ನೀರು."

ಅತ್ತಿಗೆ ಹೊಳೆಯತ್ತ ಕೈ ತೋರಿಸಿದಳು. ದಂಡೆಯಿಂದ ದಂಡೆಗೆ ನೀರು ಬಿಸಿಲಿನಲ್ಲಿ ಮಿರಮಿರ ಮಿನುಗುತ್ತ ಹೋಗುತ್ತಿತ್ತು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳು ಅಷ್ಟು ನೀರನ್ನು ಆ ಹೊಳೆಯಲ್ಲಿ ಕಂಡೇ ಇರಲಿಲ್ಲ. "ನಮ್ಮೂರ ಮುಂದೆ ತುಂಬೈತಲ್ಲ, ಅಷ್ಟು ಸಾಕು. ಮೇಲ್ಗಡೆದು ನಿಮ್ ಅಣ್ಣತಂಗೀರು ನೋಡ್ಕಳಿ."

ಇನ್ನು ವಾದಿಸಿ ಫಲವಿರಲಿಲ್ಲ. ಕೈಮುಗಿದು, ಗದರಿಸಿ, ಒಂದಿಬ್ಬರು ಮಕ್ಕಳ ರಟ್ಟೆ ಹಿಡಿದೆಳೆದು ಎಲ್ಲರನ್ನೂ ಮೆಟ್ಟಿಲಿನಿಂದ ಸೇತುವೆಯ ಮೇಲೆ ಹತ್ತಿಸಿದೆ. ಅಲ್ಲಿಂದಲೇ ಒಬ್ಬೊಬ್ಬರಾಗಿ ಮೊರ ಬಿಟ್ಟರು. ಅತ್ತಿಗೆ ನನ್ನ ಕೈಗೂ ಒಂದು ಕೊಟ್ಟಳು. ನೀರಿಗೆ ಹೋಗಬೇಡಿ ಎಂದು ಹೇಳಲು ಬಂದ ಇಂಜಿನಿಯರಮ್ಮ ತಾನೇ ಬಾಗಿನ ಬಿಟ್ಟು ಬಂದಳು ಎಂದು ಮರಿಯಪ್ಪ ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕ. ಸಂಜೆ ಮನೆಗೆ ಬಂದ ಅಣ್ಣನಿಗೆ ವಿಷಯ ತಿಳಿದು, "ಹಾಳು ಮಾಡೋ ನೀರಿಗೆ ಬಾಗಿನ ಬುಟ್ಟು ಬಂದ್ಯಲ್ಲಾ ಜಯಿ" ಎಂದು ಉಣ್ಣದೆ ಮಲಗಿದನಂತೆ. ಶುಕ್ರವಾರದ ಶಾಮಿಯಾನ ರದ್ದಾಯಿತು.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಅದೇ ತೊಂದರೆ. ಮರುದಿನ ಬಿಸಿಲು, ಅದರ ಮರುದಿನವೂ ಬಿಸಿಲು. ಅಣೆಕಟ್ಟಿನ ಗೋಡೆಯ ಮೇಲೆ ನೀರು ಇಳಿದ ಗುರುತು ಅಗಲವಾಗುತ್ತಾ ಹೋಯಿತು. ಕ್ರಾಸಿನ ಟೀ ಅಂಗಡಿಯಲ್ಲಿ ನನ್ನನ್ನು ಕಂಡರೆ ಒಬ್ಬ ಆಕಾಶ ನೋಡಿ, "ಛತ್ರಿ ತಂದಿದ್ದೀಯೇನ್ಲಾ?" ಎಂದು ಇನ್ನೊಬ್ಬನನ್ನು ಕೇಳುತ್ತಿದ್ದ. ಮರಿಯಪ್ಪನೂ ಬಿಡಲಿಲ್ಲ. "ಮೇಡಂ, ಬ್ಯಾಸಿಗೇಲಿ ನೀವು ನಿಮ್ಮೂರ ಮೇಲೆ ಓಡಾಡಂಗಿಲ್ಲ. ಚನ್ನಪಟ್ಟಣದ ಮೇಲಿಂದ ಸುತ್ಕಂಡು ಮನೆಗೆ ಹೋಗ್ಬೇಕಾಯ್ತದೆ." ಅಣ್ಣ ಫೋನ್ ಎತ್ತುತ್ತಿರಲಿಲ್ಲ. ಆ ದಿನಗಳಲ್ಲಿ ನನ್ನ ಮನಸ್ಸು ಎಷ್ಟು ಕೆಟ್ಟಿತ್ತೆಂದರೆ, ಮಳೆ ಬರಲಪ್ಪ ಎಂದು ಬೇಡಿಕೊಳ್ಳುತ್ತಿದ್ದೆ. ಬೇಡಿಕೊಂಡ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ನನ್ನ ಮಾನ ಉಳಿಯಬೇಕಾದರೆ ನನ್ನ ತವರಿಗೆ ಗಂಡಾಂತರ ಬರಬೇಕಿತ್ತು. ಇದು ಯಾವ ಸೀಮೆ ನೌಕರಿ ಎಂದು ಒಬ್ಬಳೇ ಕೂತು ಅತ್ತಿದ್ದೂ ಉಂಟು.

ವಾರ ತುಂಬುವ ಹೊತ್ತಿಗೆ, ಒಂದು ಮಧ್ಯಾಹ್ನ, ಮಾಗಡಿಯ ದಿಕ್ಕು ಕಪ್ಪಾಯಿತು. ನಮ್ಮ ಕಡೆ ಇನ್ನೂ ಬಿಸಿಲೇ ಇತ್ತು. ಬಸ್ಸು ಎಂದಿಗಿಂತ ಬಹಳ ತಡವಾಗಿ ಬಂತು. ಡ್ರೈವರ್ ಟೀ ಕೂಡ ಕೇಳಲಿಲ್ಲ. "ಮೇಡಂ, ಅಲ್ಲಿ ವೈಪರ್ ಹಾಕುದ್ರೂ ದಾರಿ ಕಾಣಾಕಿಲ್ಲ. ಒಂದು ಕೆರೆ ಏರಿ ಕಿತ್ಕಂಡದಂತೆ. ಇದೇ ಲಾಸ್ಟ್ ಬಸ್ಸು." ಸ್ವಲ್ಪ ಹೊತ್ತಿನಲ್ಲಿ ನಮ್ಮಲ್ಲಿಗೂ ಮಳೆ ಬಂತು. ಅದರ ಹಿಂದೆ ಹೊಳೆ ಬಂತು. ಕೆಂಪು ನೀರು, ಬಾಳೆಗಿಡ, ಹುಲ್ಲಿನ ಮೆದೆ, ಯಾರದೋ ನೀರಿನ ಡ್ರಮ್ಮು, ಎಲ್ಲವೂ ಗಿರಗಿರ ತಿರುಗುತ್ತ ಅಣೆಕಟ್ಟಿನ ಹೊಟ್ಟೆಗೆ ಬಂದು ಬೀಳುತ್ತಿದ್ದವು.

ನಾನು ಹೊರಗೆ ಬಿಡುವ ನೀರನ್ನು ಕೆಳಗಿನ ಹೊಳೆ ದಂಡೆಯೊಳಗೆ ತಡೆದುಕೊಳ್ಳುವಷ್ಟಕ್ಕೇ ನಿಲ್ಲಿಸಿದೆ. ಒಳಗೆ ಅದರ ಎಷ್ಟೋ ಪಟ್ಟು ಬರುತ್ತಿತ್ತು. ಮಿಕ್ಕದ್ದನ್ನೆಲ್ಲ ಆ ಬರಿದಾದ ಜಾಗ ತುಂಬಿಕೊಳ್ಳಬೇಕು. ಜಾಗ ಮುಗಿಯುವ ಮುಂಚೆ ಮಳೆ ನಿಂತರೆ ನಾವು ಗೆದ್ದೆವು. ಮಳೆ ನಿಲ್ಲುವ ಮುಂಚೆ ಜಾಗ ಮುಗಿದರೆ ನನ್ನ ಕೈಯಾರೆ ಗೇಟೆತ್ತಿ ಎಲ್ಲವನ್ನೂ ಹೊಳೆದೊಡ್ಡಿಯ ಮೇಲೆ ಬಿಡಬೇಕು. ಲೆಕ್ಕ ಇಷ್ಟೇ. ಗೋಡೆಯ ಮೇಲಿನ ಅಳತೆಯ ಗೆರೆಗಳು ನೋಡನೋಡುತ್ತಿದ್ದಂತೆ ಒಂದೊಂದಾಗಿ ಮುಳುಗುತ್ತಿದ್ದವು.

ಕೆಳಗಿನ ಊರುಗಳಿಗೆ ಮತ್ತೆ ಮೈಕಿನ ಆಟೋ ಹೋಯಿತು. ಈ ಸಲ ಜನ ನಿಜವಾಗಿ ದಿಬ್ಬ ಹತ್ತಿದರು. ಅತ್ತಿಗೆಯೂ ಮಕ್ಕಳೂ ಹಳೇ ಮನೆ ಸೇರಿದರು. ಅಣ್ಣ ಮಾತ್ರ ಹೋಗಲಿಲ್ಲ. ನಾನು ಅತ್ತಿಗೆಯ ಫೋನಿಗೆ ಮಾಡಿ, ಅವಳು ಯಾರನ್ನೋ ಓಡಿಸಿ, ಅಂತೂ ಅವನು ಮಾತಿಗೆ ಸಿಕ್ಕಿದ.

"ಅಣ್ಣ, ಈಗಲೇ ಮೇಲೆ ಹೋಗು. ನಿನ್ನ ಕಾಲಿಗೆ ಬೀಳ್ತೀನಿ."

"ಹುಳ ನಾಲ್ಕನೇ ಜ್ವರ ಎದ್ದು ಮೇಯ್ತಾ ಅವೆ ಕಣವ್ವ. ನಾಳೆ ಹಣ್ಣಾಯ್ತವೆ. ಇವತ್ತು ಸೊಪ್ಪು ತಪ್ಪುದ್ರೆ ಗೂಡೇ ಕಟ್ಟಾಕಿಲ್ಲ. ಹುಳ ಇರೋ ಮನೆ ಅಂದ್ರೆ ಬಾಣಂತಿ ಮನೆ ಇದ್ದಂಗೆ. ಬುಟ್ಟು ಎಂಗ್ ಬರ್ಲಿ?"

ಜ್ವರ ಎಂದರೆ ಹುಳು ಊಟ ಬಿಟ್ಟು ಪೊರೆ ಕಳಚುವ ಕಾಲ. ನಾಲ್ಕನೆಯದು ದಾಟಿದ ಮೇಲೆ ಅವು ಬಿಡುವಿಲ್ಲದೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತವೆ. ಇದನ್ನೆಲ್ಲ ಚಿಕ್ಕಂದಿನಿಂದ ನೋಡಿದವಳಾದ್ದರಿಂದ ಅವನು ಏಳುವುದಿಲ್ಲವೆಂದು ನನಗೆ ಗೊತ್ತಾಯಿತು. "ನೀರು ಬಂದರೆ ಏನು ಮಾಡ್ತೀಯ?" ಎಂದೆ. "ಅದು ನಿನ್ನ ಕೈಲಿ ಐತಲ್ಲ" ಎಂದ. ಆಮೇಲೆ ಲೈನ್ ಕಟ್ಟಾಯಿತು. ಎಷ್ಟು ಸಲ ಮಾಡಿದರೂ ಮತ್ತೆ ಸಿಗಲಿಲ್ಲ.

ಆ ಮಾತನ್ನು ಅವನು ಚುಚ್ಚಲೆಂದು ಹೇಳಿದನೋ ನಂಬಿ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ರಾತ್ರಿ ಗೇಟೆತ್ತುವ ಗುಂಡಿಯ ಹತ್ತಿರದಿಂದ ನಾನು ಕದಲಲಿಲ್ಲ. ಸಾಹೇಬರು ಮತ್ತೆ ಮತ್ತೆ ಫೋನ್ ಮಾಡಿ "ಹೇಗಿದೆಯಮ್ಮ?" ಎನ್ನುತ್ತಿದ್ದರು. "ಇನ್ನೂ ಜಾಗ ಇದೆ ಸರ್" ಎಂದು ನಾನು ಹೇಳುತ್ತಿದ್ದೆ. ಹೇಳಿದಂತೆಲ್ಲ ಜಾಗ ಕಡಿಮೆಯಾಗುತ್ತಿತ್ತು. ಮರಿಯಪ್ಪನ ತಮಾಷೆಯೆಲ್ಲ ನಿಂತುಹೋಗಿತ್ತು. ಅವನು ಟಾರ್ಚು ಹಿಡಿದು ಗೋಡೆ ನೋಡುವುದು, ಬಂದು ನನ್ನ ಮುಖ ನೋಡುವುದು, ಮತ್ತೆ ಗೋಡೆ ನೋಡುವುದು. ಹಾಗೇ ರಾತ್ರಿ ಕಳೆಯಿತು. ಕೋಳಿ ಕೂಗುವ ಮುಂಚೆ ಮಳೆ ಹನಿಹನಿಯಾಗಿ, ಆಮೇಲೆ ನಿಂತಿತು. ಬೆಳಕು ಹರಿದಾಗ ನೀರು ಅಣೆಕಟ್ಟು ತುಂಬುವ ಗುರುತಿಗಿಂತ ಒಂದು ಗೇಣು ಕೆಳಗೆ ಬಂದು, ಅಲ್ಲಿಂದ ಏರದೆ ಸುಮ್ಮನೆ ನಿಂತಿತ್ತು.

ಮರಿಯಪ್ಪ ಗೋಡೆಗೊರಗಿ ಕೂತು, "ಮೇಡಂ, ನಾವು ವಾರವೆಲ್ಲ ಬುಟ್ಟಿದ್ದು ಪೂರ್ತಿ ವಾಪಸ್ ಬಂದ್ಬುಡ್ತಲ್ಲ" ಎಂದ. ಬೇಸಿಗೆಗೆ ನೀರೂ ಉಳಿಯಿತು, ಜಾಗವೂ ಸಾಕಾಯಿತು. ಜೀವ ಬಂದ ಹಾಗಾಗಿ ನಾನೂ ಅವನ ಪಕ್ಕದಲ್ಲೇ ಒದ್ದೆ ನೆಲದ ಮೇಲೆ ಕೂತೆ. ಆದರೆ ಅಣ್ಣನ ಫೋನ್ ಇನ್ನೂ ಸಿಗುತ್ತಿರಲಿಲ್ಲ.

ಅವನು ಇವತ್ತಿಗೂ ಒಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇನೆ. "ನೀನು ಅವತ್ತು ನೀರು ಬುಡದಿದ್ರೂ ಏನೂ ಆಯ್ತಿರ್ಲಿಲ್ಲ. ಎಲ್ಲಿ ಬಂತು ನೆರೆ?" ಎನ್ನುತ್ತಾನೆ. ಬಾರದ ನೆರೆಯನ್ನು ನಾನು ಎಲ್ಲಿಂದ ತಂದು ತೋರಿಸಲಿ? ಹಿಪ್ಪುನೇರಳೆಯ ಎರಡನೇ ಸಾಲಿನವರೆಗೆ ನೀರು ಬಂದು ಹೋದ ಕೆಸರಿನ ಗುರುತಿತ್ತು. ಅದನ್ನು ತೋರಿಸಿದರೆ, "ಅಷ್ಟು ಕೆಸರು ಒಳ್ಳೇ ಗೊಬ್ಬರ" ಎಂದ. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ಇಲ್ಲ. ನಮ್ಮ ಕೆಲಸ ಸರಿಯಾಗಿ ನಡೆದರೆ ಅದು ನಡೆದದ್ದೇ ಕೆಳಗಿನವರಿಗೆ ಗೊತ್ತಾಗುವುದಿಲ್ಲ.

ಆ ಬೆಳಗ್ಗೆ ನಾನು ಫೋನ್ ಒತ್ತುತ್ತಲೇ ಇದ್ದೆ. ಬಿಸಿಲು ಬಂದು ಗುಡ್ಡದ ಮೇಲೆ ಬಿತ್ತು. ಮರಿಯಪ್ಪ ಎಲ್ಲಿಂದಲೋ ಟೀ ತಂದಿಟ್ಟ, ಅದು ಆರಿಹೋಯಿತು. ಕೊನೆಗೆ ಆ ಕಡೆ ರಿಂಗಾಯಿತು. ಬಹಳ ಹೊತ್ತು ರಿಂಗಾಗಿ, ಇನ್ನೇನು ನಿಲ್ಲುತ್ತದೆ ಎನ್ನುವಾಗ ಅಣ್ಣ ಎತ್ತಿದ.

"ಅಣ್ಣ! ನೀರು ಎಲ್ಲಿದೆ?"

"ನೀರಾ?" ನಿದ್ದೆಗೆಟ್ಟ ದನಿಯಲ್ಲಿ ಅವನು ಎಂದಿನಂತೆ ಸಿಡುಕಿದ. "ಹೊಳೇಲಿ ಐತೆ ಕಣವ್ವ, ಇನ್ನೆಲ್ಲಿರ್ತದೆ? ಹುಳ ಹಣ್ಣಾಗವೆ, ಪುರುಸೊತ್ತಿಲ್ಲ ನಂಗೆ. ಮಡಗು ಫೋನು."